ನಲವತ್ಮೂರು ಇಂಚಿನ ಟಿವಿ, ಕಲಬುರಗಿಯ ದಾರಿ

ನಾಚಾರಂನಲ್ಲಿ ಬ್ಯಾಟರಿ ಚಾರ್ಜರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಟೆಸ್ಟಿಂಗ್ ಟೇಬಲ್ಲಿನ ಮುಂದೆ ನಾನು ಇಪ್ಪತ್ತೆರಡು ವರ್ಷ ಕೂತವಳು. ಡಬ್ಬಿಯ ಮೇಲಿನ ಚಿತ್ರ ನೋಡಿ ಸಾಮಾನು ಚೆನ್ನಾಗಿದೆ ಎನ್ನುವವರು ಬೇರೆ, ಅದನ್ನು ಹಚ್ಚಿ, ಬಿಸಿ ಮಾಡಿ, ಅಲುಗಾಡಿಸಿ ನೋಡಿ ಹೇಳುವವರು ಬೇರೆ. ನಾನು ಎರಡನೆಯ ಜಾತಿಯವಳು. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಗೆ ಮಿಕ್ಸರ್ ಬರಬೇಕಾದರೂ, ಸ್ಪೀಕರ್ ಬರಬೇಕಾದರೂ ಮೊದಲು ನಮ್ಮ ಬಾಗಿಲು ತಟ್ಟುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನು ಆರಿಸಿಕೊಟ್ಟ ಸಾಮಾನು ವಾಪಸ್ ಹೋದದ್ದು ತೀರಾ ಕಡಿಮೆ.

ಆದ್ದರಿಂದ ನನ್ನ ಗಂಡ ಒಂದು ದಿನ “ಟಿವಿ ಕೆಟ್ಟೈತಿ” ಎಂದಾಗ ನಾನು ಸುಮ್ಮನೆ ತಲೆಯಾಡಿಸಲಿಲ್ಲ.

“ಏನಾಗೇತ್ರಿ?”

“ಬಣ್ಣ ಹೋಗೇತಿ. ಬಾಲ್ ಹೊಡದ ಮ್ಯಾಲೆ ಎಲ್ಲಿ ಹೋಗತೈತೋ ತಿಳೀವಲ್ದು. ಹೊಸಾದು ತರೂಣು, ದೊಡ್ಡದು.”

ಅವರು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಹಗಲೆಲ್ಲ ಮನೆಯಲ್ಲಿರುವವರು ಟಿವಿಯ ಮೇಲೆ ಸಿಟ್ಟಾಗುವುದು ಹೊಸದಲ್ಲ. ಆದರೂ ನಾನು ಟಿವಿಯ ಹಿಂದಿನ ವೈರು ಬದಲಿಸಿದೆ, ಸೆಟ್ಟಿಂಗ್ ತೆಗೆದು ಬಣ್ಣದ ಪಟ್ಟಿಗಳನ್ನು ನೋಡಿದೆ, ಪಕ್ಕದ ಮನೆಯವರ ಸೆಟ್‌ಟಾಪ್ ಬಾಕ್ಸ್ ತಂದು ಹಚ್ಚಿದೆ. ಟಿವಿ ಎಲ್ಲದರಲ್ಲೂ ಪಾಸಾಯಿತು. ಅದಾದ ಒಂದೇ ವಾರಕ್ಕೆ ಅವರು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರಿನ ಎಡಬದಿಯನ್ನು ಕಂಬಕ್ಕೆ ತಿಕ್ಕಿದರು. ಎರಡು ತಿಂಗಳಲ್ಲಿ ಅದು ಎರಡನೆಯ ಸಲ. ಅದೇ ಕಂಬ, ಅದೇ ಬದಿ.

ಎರಡು ಮೀಟರ್‌ಗಳು ಒಂದೇ ತಪ್ಪು ತೋರಿಸಿದರೆ ತಪ್ಪು ಮೀಟರಿನಲ್ಲಿಲ್ಲ ಎಂದು ನಮ್ಮ ಟೇಬಲ್ಲಿನಲ್ಲಿ ಹೇಳುತ್ತಿದ್ದೆವು. ನಾನು ಮರುದಿನ ರಜೆ ಹಾಕಿ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ, ನೋವಿಲ್ಲದೆ, ಸದ್ದಿಲ್ಲದೆ ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುವ ರೋಗ. ಡಾಕ್ಟರಮ್ಮ ಒಂದು ಕಾಗದದ ಮೇಲೆ ಗೋಲ ಬರೆದು, ಅದರ ಸುತ್ತ ಪೆನ್ಸಿಲ್ಲಿನಿಂದ ಕಪ್ಪು ಮಾಡಿ, ನಡುವೆ ಉಳಿದ ಬಿಳಿಯನ್ನು ತೋರಿಸಿ, “ಇವರಿಗೆ ಈಗ ಇಷ್ಟು ಕಾಣುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಹನಿ ತಪ್ಪಿಸದಿದ್ದರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು” ಎಂದು ತೆಲುಗಿನಲ್ಲಿ ಹೇಳಿದರು. ಕಾರು ಓಡಿಸುವುದು ಬೇಡವೇ ಬೇಡ ಎಂದರು. ಕೊನೆಗೆ, ಇದು ಮನೆತನದಲ್ಲಿ ಬರುವ ರೋಗ, ಒಡಹುಟ್ಟಿದವರಿದ್ದರೆ ಅವರೂ ತಪಾಸಣೆ ಮಾಡಿಸಿಕೊಳ್ಳಲಿ ಎಂದರು.

ನನ್ನ ಗಂಡನಿಗೆ ಇದ್ದದ್ದು ಒಬ್ಬಳೇ ಅಕ್ಕ, ಕಲಬುರಗಿಯಲ್ಲಿ.

“ಅಕ್ಕಗ ಈಗ ಹೇಳಬ್ಯಾಡ,” ಎಂದರು ಆಟೋದಲ್ಲಿ ಕೂತ ಕೂಡಲೇ.

“ಡಾಕ್ಟರು ಏನ್ ಹೇಳಿದ್ರು, ಕೇಳಿದ್ರಿಲ್ಲೋ?”

“ನಾನ ಹೇಳ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ.”

ಹೇಳಲಿಲ್ಲ. ಅವರ ಸಂಕಟ ನನಗೆ ತಿಳಿಯುತ್ತಿತ್ತು. ವಿಜಯಪುರದ ಅವರ ಇಡೀ ಬಳಗದಲ್ಲಿ ಮೊದಲು ಕಾರು ಕೊಂಡವರು ಅವರು. ಮದುವೆ, ಬಾಣಂತನ, ಆಸ್ಪತ್ರೆ, ಯಾವುದೇ ಇರಲಿ, ಸ್ಟೇರಿಂಗ್ ಹಿಡಿದವರು ಅವರೇ. ಅದನ್ನು ಬಿಟ್ಟುಕೊಟ್ಟೆ ಎಂದು ಅಕ್ಕನ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಪ್ರತಿ ಭಾನುವಾರ ಅಕ್ಕನ ಫೋನು ಬರುತ್ತಿತ್ತು. ಮಳೆ, ಮದುವೆ, ಮಂಡಿನೋವು ಎಲ್ಲವನ್ನೂ ಮಾತಾಡಿ ಇಡುತ್ತಿದ್ದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ, ಅವರು ನನ್ನತ್ತ ನೋಡುತ್ತಿರಲಿಲ್ಲ.

ಟಿವಿಯ ಹಟವನ್ನು ಮಾತ್ರ ಬಿಡಲಿಲ್ಲ. ಕಾಣುವುದು ಕಡಿಮೆಯಾದ ಮೇಲೆ ಟಿವಿ ದೊಡ್ಡದಾಗಬೇಕು ಎಂಬುದು ಅವರ ಲೆಕ್ಕ. ಕೇಳಿದರೆ ಸರಿಯೆನಿಸುವ ಮಾತೇ. ನಾನೂ ಹಾಗೆಂದೇ ನಂಬಿ, ನಮ್ಮ ಹಾಲಿನ ಗೋಡೆಯಿಂದ ಅವರ ಕುರ್ಚಿಯವರೆಗೆ ಒಂದು ದಾರ ಎಳೆದು, ಕತ್ತರಿಸಿ, ಪರ್ಸಿನಲ್ಲಿಟ್ಟುಕೊಂಡು ಕೂಕಟಪಲ್ಲಿಯ ಒಂದು ದೊಡ್ಡ ಅಂಗಡಿಗೆ ಅವರನ್ನು ಕರೆದುಕೊಂಡು ಹೋದೆ.

ಅಂಗಡಿಯವನು ನಮ್ಮ ವಯಸ್ಸಿನವನೇ, ಗಡ್ಡಕ್ಕೆ ಮೆಹಂದಿ ಹಚ್ಚಿದ್ದ, ಬಾಯಿ ಚುರುಕಾಗಿತ್ತು. ಅರವತ್ತೈದು ಇಂಚಿನ ಟಿವಿಯ ಮುಂದೆ ನಮ್ಮನ್ನು ನಿಲ್ಲಿಸಿದ. ಪರದೆಯ ಮೇಲೆ ಗಿಳಿಗಳು ಹಾರುತ್ತಿದ್ದವು, ಜಲಪಾತ ಬೀಳುತ್ತಿತ್ತು.

“ಜಿತನಾ ಬಡಾ, ಉತನಾ ಮಜಾ, ಮೇಡಂ,” ಎಂದ. ದೊಡ್ಡದಾದಷ್ಟೂ ಮಜಾ ಅಂತೆ.

“ಗಿಳಿ ಬೇಡ ಭಾಯ್. ಕ್ರಿಕೆಟ್ ಹಚ್ಚು,” ಎಂದೆ ಹಿಂದಿಯಲ್ಲಿ. ಅಂಗಡಿಯಲ್ಲಿ ತೋರಿಸುವ ಗಿಳಿಯನ್ನು ಯಾವ ಟಿವಿಯೂ ಚೆನ್ನಾಗಿಯೇ ತೋರಿಸುತ್ತದೆ. ನಾವು ಮನೆಯಲ್ಲಿ ನೋಡುವುದು ಗಿಳಿಯನ್ನಲ್ಲ.

ಅವನು ಒಂದು ಹಳೆಯ ಪಂದ್ಯ ಹಚ್ಚಿದ. ನಾನು ಪರ್ಸಿನಿಂದ ದಾರ ತೆಗೆದು, ಒಂದು ತುದಿಯನ್ನು ಟಿವಿಗೆ ಹಿಡಿಯಲು ಅವನಿಗೆ ಕೊಟ್ಟು, ಇನ್ನೊಂದು ತುದಿ ಮುಗಿದಲ್ಲಿ ಸ್ಟೂಲು ಇಟ್ಟು ಗಂಡನನ್ನು ಕೂಡಿಸಿದೆ. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಗಲಿ.

“ಹೆಂಗ ಕಾಣಾಕತ್ತೈತ್ರಿ?”

“ಭಾಳ ಛಲೋ ಐತಿ.”

“ಸ್ಕೋರ್ ಎಷ್ಟಾಗೇತಿ?”

ಅವರು ಪರದೆಯ ನಡುವನ್ನೇ ನೋಡುತ್ತ ಕೂತರು. ಸ್ಕೋರು ಪರದೆಯ ಎಡಗಡೆ ಕೆಳಮೂಲೆಯಲ್ಲಿ ಅಂಗೈಯಷ್ಟು ದೊಡ್ಡದಾಗಿ ಬರೆದಿತ್ತು. ಅಂಗಡಿಯ ಬಾಗಿಲಲ್ಲಿ ನಿಂತವರಿಗೂ ಕಾಣುವಂತಿತ್ತು.

“ಎಲ್ಲಿ ಸ್ಕೋರ್?” ಎಂದರು ಮೆಲ್ಲಗೆ.

ಡಾಕ್ಟರಮ್ಮ ಬರೆದ ಗೋಲ ಆಗ ನನಗೆ ನಿಜವಾಗಿ ಅರ್ಥವಾಯಿತು. ಅವರ ನೋಟ ಈಗ ಒಂದು ಕೊಳವೆ. ಪರದೆ ದೊಡ್ಡದಾದಷ್ಟೂ ಅದು ಕೊಳವೆಯ ಆಚೆ ಚೆಲ್ಲುತ್ತದೆ. ನಾವಿಬ್ಬರೂ ಉಲ್ಟಾ ಲೆಕ್ಕ ಹಾಕಿದ್ದೆವು.

“ಭಾಯ್, ಸಣ್ಣದು ತೋರಿಸು,” ಎಂದೆ.

ಅವನು ಐವತ್ತೈದು ತೋರಿಸಿದ. ಇನ್ನೂ ಸಣ್ಣದು ಎಂದೆ. ಐವತ್ತು, ನಮ್ಮ ಹಳೆಯ ಟಿವಿಯಷ್ಟೇ ಅಳತೆ. ಇನ್ನೂ ಎಂದೆ. ಗಿರಾಕಿ ಕೆಳಕೆಳಗೆ ಇಳಿಯುವುದನ್ನು ಯಾವ ವ್ಯಾಪಾರಿ ಇಷ್ಟಪಡುತ್ತಾನೆ? ಅವನ ಮುಖ ಸಪ್ಪಗಾಗುತ್ತ ಬಂತು. ನಲವತ್ಮೂರರ ಮುಂದೆ ಅದೇ ದಾರ ಹಿಡಿದು ಅದೇ ಸ್ಟೂಲಿನ ಮೇಲೆ ಕೂತಾಗ ನನ್ನ ಗಂಡ ತಾವಾಗಿಯೇ ಸ್ಕೋರು ಓದಿದರು. ಓದಿ, ಎದ್ದು ನಿಂತು, ಅಂಗಡಿಯವನಿಗೆ, “ಮೇರಿ ಆಂಖ್ ಖರಾಬ್ ಹೈ, ಭಾಯ್. ಟಿವಿ ಸಬ್ ಅಚ್ಛೇ ಹೈಂ,” ಎಂದರು. ನನ್ನ ಕಣ್ಣು ಕೆಟ್ಟಿದೆ, ನಿನ್ನ ಟಿವಿಗಳೆಲ್ಲ ಚೆನ್ನಾಗಿಯೇ ಇವೆ. ಹೊರಗಿನ ಮನುಷ್ಯನಿಗೆ ಅವರು ಅದನ್ನು ಹೇಳಿದ್ದು ಅದೇ ಮೊದಲು.

ಆ ಮನುಷ್ಯನ ಸಪ್ಪೆ ಮುಖ ಬದಲಾಯಿತು. ತನ್ನ ಮಾವನಿಗೂ ಹೀಗೇ ಆಗಿತ್ತು ಎಂದ. ಆಮೇಲೆ ಅವನು ವ್ಯಾಪಾರದ ಮಾತು ಬಿಟ್ಟು ನಮ್ಮ ಪಕ್ಷಕ್ಕೆ ಬಂದ. ಸೌಂಡಿನ ಮೇಲೆ ಖರ್ಚು ಮಾಡಿ ಎಂದು ಹೇಳಿದವನು ಅವನೇ. ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್‌ಗಳನ್ನು ನಾನು ಒಂದೊಂದಾಗಿ ಕೇಳಿದೆ. ಹಾಡು ಹಚ್ಚಿದರೆ ಎಲ್ಲವೂ ಎದೆ ನಡುಗಿಸುತ್ತಿದ್ದವು. ನಾನು ಕನ್ನಡ ವಾರ್ತೆ ಹಚ್ಚಿಸಿ, ಕಣ್ಣು ಮುಚ್ಚಿ, ಯಾವುದರಲ್ಲಿ ಊರಿನ ಹೆಸರುಗಳು ಬಿಡಿಬಿಡಿಯಾಗಿ ಕೇಳುತ್ತವೆ ಎಂದು ನೋಡಿದೆ. ಮೂರನೆಯದು ಗೆದ್ದಿತು. ಅದನ್ನೂ ನಲವತ್ಮೂರರ ಟಿವಿಯನ್ನೂ ಮನೆಗೆ ತಂದೆವು. ಈಗ ನನ್ನ ಗಂಡ ಚೆಂಡು ಎಲ್ಲಿ ಹೋಯಿತೆಂದು ಹುಡುಕುವುದಿಲ್ಲ. ಕಾಮೆಂಟ್ರಿ ಹೇಳುತ್ತದೆ, ಅವರು ಅದು ಹೇಳಿದ ಕಡೆ ನೋಡುತ್ತಾರೆ.

ಇಷ್ಟಾದ ಮೇಲೆ ಕೆಳಗೆ ಧೂಳು ತಿನ್ನುತ್ತಿದ್ದ ಕಾರಿನ ಕಡೆ ತಿರುಗಿದೆ. ನನ್ನ ಹತ್ತಿರ ಲೈಸೆನ್ಸ್ ಇತ್ತು. ಹದಿನೈದು ವರ್ಷದ ಹಿಂದೆ ಮಾಡಿಸಿ ಬೀರುವಿನಲ್ಲಿಟ್ಟದ್ದು, ನಡುವೆ ಒಮ್ಮೆ ನವೀಕರಿಸಿದ್ದು. ನನ್ನ ಓಡಾಟವೆಲ್ಲ ಮಿಯಾಪುರದಿಂದ ಮೆಟ್ರೋ, ಹಬ್ಸಿಗೂಡಾದಿಂದ ಶೇರ್ ಆಟೋ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಮತ್ತೆ ಸೇರಿದೆ. ಒಂದು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಕಲಿತೆ, ಇನ್ನೊಂದು ತಿಂಗಳು ಭಾನುವಾರಗಳಂದು ಪಟಾನ್‌ಚೆರುವರೆಗೆ ಹೋಗಿ ಬಂದೆ. ಭಯ ಇರಲಿಲ್ಲವೆಂದಲ್ಲ. ಹೊಸ ಮಷಿನ್ನಿನ ಮುಂದೆ ಕೂರುವಾಗ ಇರುವಷ್ಟೇ ಇತ್ತು, ಕೈ ಕೂತ ಮೇಲೆ ಹೋಯಿತು.

ದಾರಿ ತೋರಿಸುವ ಸಾಧನ ಆರಿಸುವಾಗ ಕಾರಿನ ಅಂಗಡಿಯವರು ಹತ್ತು ಇಂಚಿನ ಪರದೆ ಹಾಕಿಕೊಡುತ್ತೇವೆ ಎಂದರು. ಅದರಲ್ಲಿ ನಕ್ಷೆಯೂ ಬರುತ್ತದೆ, ಸಿನಿಮಾ ಕೂಡ ಬರುತ್ತದೆ ಎಂದರು. ಓಡಿಸುವವಳಿಗೆ ಸಿನಿಮಾ ಯಾಕೆ? ಅವರ ನಮೂನೆಯ ಕಾರಿನಲ್ಲಿ ಕೂತು, ನೆಟ್ಟಗೆ ನೋಡುತ್ತ, ತಲೆ ತಿರುಗಿಸದೆ ಬಾಣದ ಗುರುತು ಕಾಣುತ್ತದೆಯೇ ನೋಡಿದೆ. ಕಾಣಲಿಲ್ಲ. ಪರದೆ ನಡುವೆ, ಕೆಳಗೆ ಇತ್ತು. ಅದನ್ನು ಓದಲು ರಸ್ತೆಯಿಂದ ಕಣ್ಣು ಕೀಳಬೇಕು, “ಒಂದು, ಎರಡು” ಎಂದು ಎಣಿಸುವಷ್ಟು ಹೊತ್ತು. ರಿಜೆಕ್ಟ್. ಸ್ಟೇರಿಂಗಿನ ಬಲಕ್ಕೆ ಗಾಳಿ ಬರುವ ಜಾಲರಿಯ ಹತ್ತಿರ ಒಂದು ಗಟ್ಟಿ ಸ್ಟ್ಯಾಂಡ್ ಹಾಕಿಸಿ ಫೋನು ಸಿಕ್ಕಿಸಿದೆ, ಧ್ವನಿ ಕಾರಿನ ಸ್ಪೀಕರಿನಲ್ಲಿ ಬರುವಂತೆ ಮಾಡಿದೆ. ನಡುವೆ ಸಿಗ್ನಲ್ ಸಿಗದಿದ್ದರೂ ಇರಲಿ ಎಂದು ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟೆ. ಭಾಷೆ ಕನ್ನಡ ಇಟ್ಟೆ, ಪಕ್ಕದಲ್ಲಿ ಕೂತವರಿಗೂ ತಿಳಿಯಲಿ ಎಂದು.

“ಮುಂದಿನ ತಿರುವಿನಲ್ಲಿ ಬಲಕ್ಕೆ ತಿರುಗಿ” ಎಂದು ಅದು ಹೇಳಿದಾಗ ಪಕ್ಕದಲ್ಲಿ ಕೂತವರು, “ಈಕಿ ಸಾಲಿ ಪುಸ್ತಕ ಓದಾಕತ್ತಾಳ” ಎಂದರು.

ಅಷ್ಟರಲ್ಲಿ ಕಲಬುರಗಿಯಿಂದ ಕರೆ ಬಂತು. ಅಕ್ಕನ ಮಗಳಿಗೆ ಏಳು ತಿಂಗಳು, ಕುಬಸ ಮಾಡುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಎತ್ತುವ ಕಾರ್ಯದಲ್ಲಿ ಸೋದರಮಾವ ಇಲ್ಲದಿದ್ದರೆ ಹೇಗೆ? ನನ್ನ ಗಂಡ ಬಸ್ಸಿಗೆ ಹೋಗೋಣ ಎಂದರು. ನಾನು ಕಾರು ಎಂದೆ. ಬೆಳಿಗ್ಗೆ ಬೇಗ ಹೊರಟೆವು.

ಸದಾಶಿವಪೇಟೆ ದಾಟುವವರೆಗೆ ಅವರು ಎರಡೂ ಕೈಯಿಂದ ಸೀಟಿನ ಅಂಚು ಹಿಡಿದೇ ಕೂತಿದ್ದರು. ಜಹೀರಾಬಾದಿನ ಹತ್ತಿರ ರಸ್ತೆ ಎರಡಾಗುವಲ್ಲಿ ಫೋನು ಒಂದು ಕಡೆ ಹೇಳಿತು, ಅವರು ಇನ್ನೊಂದು ಕಡೆ ಹೇಳಿದರು. ನಾನು ಫೋನಿನ ಮಾತು ಕೇಳಿದೆ. ಊರು ಮುಟ್ಟದೆಯೇ ಹಗುರವಾಗಿ ಆಚೆ ಬಂದೆವು. “ಹೊಸಾ ರೋಡ್ ಮಾಡ್ಯಾರ, ನನಗ ಗೊತ್ತಿರಲಿಲ್ಲ,” ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಗೆದ್ದೆ ಎಂದು ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಖುಷಿಯೇ ಹುಮನಾಬಾದ್ ದಾಟಿದ ಮೇಲೆ ನನ್ನನ್ನು ಕೆಡಿಸಿತು. ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಫೋನು ಎಡಕ್ಕೆ ಒಂದು ದಾರಿ ತೋರಿಸಿ, ಹನ್ನೊಂದು ನಿಮಿಷ ಉಳಿಯುತ್ತದೆ ಎಂದಿತು.

“ಅದು ಹೊಲದ ದಾರಿ,” ಎಂದರು ಅವರು. “ಹೋಗಬ್ಯಾಡ. ನಿಂತ್ರ ನಿಂತೀತು.”

“ಮೊದಲೂ ಹಿಂಗ ಅಂದಿದ್ರಿ,” ಎಂದು ನಾನು ಎಡಕ್ಕೆ ತಿರುಗಿಸಿದೆ.

ಎರಡೂ ಕಡೆ ಎದೆಯೆತ್ತರದ ತೊಗರಿ. ಒಂದೇ ಕಾರು ಹಿಡಿಯುವಷ್ಟು ಡಾಂಬರು, ಅದರ ಪಕ್ಕದಲ್ಲೇ ಹಿಂದಿನ ದಿನದ ಮಳೆಗೆ ನೆನೆದ ಕರಿಮಣ್ಣು. ಮುಂದೆ ಹೋದಂತೆ ದಾರಿ ಚೆನ್ನಾಗಿಯೇ ಇತ್ತು, ಒಂದು ಸಣ್ಣ ಸೇತುವೆ ಬರುವವರೆಗೆ. ಸೇತುವೆ ಇರಲಿಲ್ಲ. ಅಗೆದು ಹಾಕಿದ್ದರು. ಅಡ್ಡಲಾಗಿ ಎರಡು ಕಲ್ಲು, ಒಂದು ಮುಳ್ಳಿನ ಟೊಂಗೆ.

ತಿರುಗಿಸಲು ಜಾಗವಿಲ್ಲ. ಗಾಲಿ ಡಾಂಬರು ಬಿಟ್ಟರೆ ಕರಿಮಣ್ಣು ಹಿಡಿದು ಕೂತುಬಿಡುತ್ತದೆ. ಎಡಕ್ಕೆ ಆಳವಾದ ಚರಂಡಿ ಬೇರೆ. ಹಿಂದಿನ ಕ್ಯಾಮೆರಾಕ್ಕೆ ಕೆಸರು ಮೆತ್ತಿಕೊಂಡಿತ್ತು. ಇಳಿದು ಒರೆಸಿದೆ, ಗಾಜು ಮತ್ತೂ ಮಬ್ಬಾಯಿತು. ಮುಖ್ಯರಸ್ತೆಯವರೆಗೆ ಅರ್ಧ ಮೈಲಿಯಾದರೂ ಹಿಂದಕ್ಕೇ ಹೋಗಬೇಕು. ಪಾರ್ಕಿಂಗಿನಲ್ಲಿ ಕಾರು ಹಿಂದೆ ತೆಗೆಯುವುದಷ್ಟೇ ಗೊತ್ತಿದ್ದವಳು ನಾನು. ನೀವು ಹೇಳಿದ್ದು ಖರೆ, ನಾನು ಕೇಳಲಿಲ್ಲ ಎಂದೆ. ಅವರು ಬಾಗಿಲು ತೆಗೆದು ಇಳಿದು ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಟ್ಟರು.

“ಏನ್ ಮಾಡಾಕತ್ತೀರಿ?”

“ನನಗ ಬಾಜೂದ್ದು ಕಾಣಂಗಿಲ್ಲ. ಕಾಲಿಗೆ ಗೊತ್ತಾಗತೈತಿ. ಡಾಂಬರದ ಅಂಚಿನ ಮ್ಯಾಲೆ ನಾ ನಡೀತೀನಿ. ನೀ ನಿನ್ನ ಕಡೀದು ನೋಡ್ಕೊ, ನನ್ನ ಕಡೀದು ನಾ ಹೇಳ್ತೀನಿ.”

ಎಡಗಡೆಯ ಕಿಟಕಿಗಳನ್ನು ಪೂರ್ತಿ ಇಳಿಸಿದೆ. ಗಾಲಿಯಿಂದ ಮೈ ದೂರ ಇಟ್ಟುಕೊಂಡು, ಕೈ ಚಾಚಿ ಕಿಟಕಿಯ ಚೌಕಟ್ಟು ಹಿಡಿದು, ಬರಿಗಾಲಿನಲ್ಲಿ ಅಂಚನ್ನು ತಡವುತ್ತ ಅವರು ನಡೆದರು. “ಬರ್ಲಿ... ಬರ್ಲಿ... ಒಂಚೂರು ಬಲಕ್ಕ... ಹಾಂ, ಬರ್ಲಿ... ನಿಲ್ಲು, ಇಲ್ಲಿ ಡಾಂಬರ ಹರದೈತಿ... ಈಗ ಬರ್ಲಿ.” ನಾನು ನನ್ನ ಕಿಟಕಿಯಿಂದ ತಲೆ ಹೊರಹಾಕಿ ಬಲ ಅಂಚು ನೋಡುತ್ತ, ಎಡಕ್ಕೆ ಅವರ ದನಿಯನ್ನೇ ನಂಬಿ ಹಿಂದೆ ಸರಿದೆ. ಒಂದು ಸಲವೂ ಗಾಲಿ ಕೆಳಗಿಳಿಯಲಿಲ್ಲ. ಅವರ ಕಾಲು ಎರಡು ಸಲ ಮಣ್ಣಿಗೆ ಇಳಿದು ಮೊಣಕಾಲ ತನಕ ಕೆಸರಾಯಿತು. ಮುಖ್ಯರಸ್ತೆ ಮುಟ್ಟಿದಾಗ ನನ್ನ ಕುತ್ತಿಗೆ ಮರಗಟ್ಟಿತ್ತು, ಅವರ ಮುಖದಲ್ಲಿ ಎಂಟು ತಿಂಗಳಿಂದ ಕಾಣದ ಒಂದು ಗೆಲುವಿತ್ತು.

“ನಡಿ ಇನ್ನ,” ಎಂದು ಒಳಗೆ ಕೂತರು. ಈ ಸಲ ಸೀಟಿನ ಅಂಚು ಹಿಡಿಯಲಿಲ್ಲ.

ಕಲಬುರಗಿ ಮುಟ್ಟಿದಾಗ ಆರತಿಗೆ ಇನ್ನೂ ಸಮಯವಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದರು. ನಾನು ಸ್ಟೇರಿಂಗಿನ ಕಡೆಯಿಂದ ಇಳಿದದ್ದನ್ನು ನೋಡಿ ಕಣ್ಣು ಅಗಲಿಸಿದರು.

“ಗಾಡಿ ನೀ ಹೊಡಕೊಂಡ ಬಂದ್ಯಾ? ಇವನ ಕೈಗೆ ಏನಾಗೇತಿ?”

ನನ್ನ ಗಂಡ ಅಂಗಳದ ನಲ್ಲಿಯ ಕೆಳಗೆ ಕಾಲಿಟ್ಟು ಕೆಸರು ತೊಳೆಯುತ್ತಿದ್ದರು. ತಲೆ ಎತ್ತದೆ ಹೇಳಿದರು. “ಕೈಗೆ ಏನೂ ಆಗಿಲ್ಲ ಅಕ್ಕಾ. ಕಣ್ಣ ಹೋಗ್ಯಾವ. ಪೂರಾ ಅಲ್ಲ, ಸುತ್ತಲಿಂದು.”

ಒಳಗೆ ಹೆಂಗಸರು ಹಾಡುತ್ತಿದ್ದರು. ಅಕ್ಕ ಬಾಗಿಲು ಬಿಟ್ಟು ನಲ್ಲಿಯ ಹತ್ತಿರ ಬಂದರು.

“ಯಾವಾಗಿಂದ?”

“ಎಂಟ್ ತಿಂಗಳಾತು.”

“ಎಂಟ್ ತಿಂಗಳ ಬಾಯಿ ಮುಚ್ಕೊಂಡ ಕುಂತ್ಯಾ? ವಾರಕ್ಕೊಮ್ಮೆ ಫೋನಿನ್ಯಾಗ ನನ್ನ ಮಂಡಿ ವಿಚಾರ ಕೇಳ್ತಿ, ನಿನ್ನ ಕಣ್ಣಿನ ವಿಚಾರ ಹೇಳಾಕ ಏನಾಗಿತ್ತು?” ಎಂದವರೇ ಅರವತ್ತು ದಾಟಿದ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಕೊಟ್ಟ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು. ಅವರ ಕಣ್ಣಲ್ಲಿ ನೀರಾಡಿತು.

“ನೀನೂ ತೋರಿಸ್ಕೋಬೇಕು ಅಕ್ಕಾ. ಮನೆತನದಾಗ ಬರ್ತೈತಂತ. ಡಾಕ್ಟರು ಅವತ್ತ ಹೇಳಿದ್ರು, ನಾನ ಹೇಳಲಿಲ್ಲ. ತಪ್ಪಾತು.”

“ನನಗೇನ್ ಧಾಡಿ? ಸೂಜಿಗೆ ದಾರ ಪೋಣಸ್ತೀನಿ.”

“ನಾನೂ ಪೋಣಸ್ತೀನಿ. ನಟ್ಟನಡುವ ಎಲ್ಲಾ ಕಾಣತೈತಿ. ಅದಕ್ಕ ಅದು ಗೊತ್ತಾಗಂಗಿಲ್ಲ.”

ಆ ಮಾತು ಅಕ್ಕನಿಗೆ ನಾಟಿತು. ಕುಬಸ ಚೆನ್ನಾಗಿ ನಡೆಯಿತು. ಸೋದರಮಾವ ಬಸುರಿಯ ಕೈಗೆ ಬಳೆ ಕೊಟ್ಟು, ಹೆಂಗಸರ ಚೇಷ್ಟೆಗೆಲ್ಲ ಉತ್ತರ ಕೊಟ್ಟರು. ನಾವು ಮರುದಿನವೇ ಹೊರಡಬೇಕಿತ್ತು, ಹೊರಡಲಿಲ್ಲ. ನಾನು ಕಾರ್ಖಾನೆಗೆ ಫೋನು ಮಾಡಿ ರಜೆ ಬೆಳೆಸಿ, ಅಕ್ಕನನ್ನು ನಾನೇ ಕಾರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿನಲ್ಲಿ ಒತ್ತಡ ಹೆಚ್ಚಿತ್ತು. ನೋಟಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ. “ಒಳ್ಳೇ ಟೈಮಿಗೆ ಬಂದ್ರಿ,” ಎಂದರು ಆ ಡಾಕ್ಟರು, ಹನಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಗಂಡನಿಗೆ ಈ ಸುದ್ದಿ ಹೇಳಿದಾಗ ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆ ಎಂಟು ತಿಂಗಳಿಗೆ ಇನ್ನೂ ಎಂಟು ತಿಂಗಳು ಸೇರಿದ್ದರೆ ಏನಾಗುತ್ತಿತ್ತು ಎಂದು ನಾವಿಬ್ಬರೂ ಯೋಚಿಸುತ್ತಿದ್ದೆವು.

ಬರುವಾಗ ದೊಡ್ಡ ರಸ್ತೆಯಲ್ಲೇ ಬಂದೆ. ಈಗ ನನ್ನ ನಿಯಮ ಇಷ್ಟೇ. ಫೋನು ಹೆದ್ದಾರಿ ಹೇಳಿದರೆ ಕೇಳುತ್ತೇನೆ. ನಿಮಿಷ ಉಳಿಸುತ್ತೇನೆಂದು ಹೊಲದ ಕಡೆ ಕೈ ತೋರಿಸಿದರೆ ಗಾಡಿ ನಿಲ್ಲಿಸಿ, ಎದುರಿಗೆ ಬರುವ ಟ್ರ್ಯಾಕ್ಟರಿನವರನ್ನು ಕೇಳುತ್ತೇನೆ.

ಹೆರಿಗೆಯಾಗಿ ಮಗು ಮೂರು ತಿಂಗಳದ್ದಾದಾಗ ಅಕ್ಕನೂ ಟಿವಿ ಕೊಳ್ಳಬೇಕೆಂದರು. ನಾನೇ ಬಂದು ಆರಿಸಬೇಕಂತೆ. ಕಲಬುರಗಿಯ ಅಂಗಡಿಯಲ್ಲಿ ನನ್ನ ಪದ್ಧತಿಯಂತೆ ಅಳೆದು, ಕೂಡಿಸಿ, ಓದಿಸಿ, ಅವರ ಸಣ್ಣ ಹಾಲಿಗೆ ಇಷ್ಟು ಸಾಕು ಎಂದು ಒಂದು ಸಣ್ಣ ಸೆಟ್ ತೋರಿಸಿದೆ. ಅಕ್ಕ ನನ್ನ ಮಾತನ್ನೆಲ್ಲ ಪೂರ್ತಿ ಕೇಳಿದರು. ಆಮೇಲೆ ನೇರವಾಗಿ ಹೋಗಿ ಐವತ್ತೈದರ ಮುಂದೆ ನಿಂತರು.

“ಅಕ್ಕಾರ, ಅದು ನಿಮ್ಮ ಗೋಡೆಗೆ ಭಾಳ ದೊಡ್ಡದಾಗತೈತಿ.”

“ಆಗಲಿ. ನನಗ ಈ ಮೂಲಿಯಿಂದ ಆ ಮೂಲಿತನಕ ಕಾಣಾಕತ್ತೈತಿ. ಕಾಣೂತನಕ ಪೂರಾ ನೋಡ್ತೀನಿ.”

ವಾದ ಮಾಡಲಿಲ್ಲ. ಇಂಥ ಆಯ್ಕೆಯನ್ನು ಅಳೆಯುವ ಮೀಟರ್ ನನ್ನ ಹತ್ತಿರ ಇರಲಿಲ್ಲ. ಟಿವಿ ಗೋಡೆಗೆ ಏರಿಸುವ ದಿನ ಅಲ್ಲಿದ್ದ ಕ್ಯಾಲೆಂಡರು, ಗಡಿಯಾರ, ಎರಡು ಮದುವೆ ಫೋಟೋಗಳನ್ನು ನಾವೇ ಇಳಿಸಿ ಪಕ್ಕದ ಕೋಣೆಗೆ ಸಾಗಿಸಿದೆವು. ನನ್ನ ಗಂಡ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುರ್ಚಿಯನ್ನು ಹಿಂದೆ ಹಿಂದೆ ಸರಿಸುತ್ತ, ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, “ಇಲ್ಲಿಂದ ನನಗೂ ಪೂರಾ ಕಾಣತೈತಿ ನೋಡು” ಎಂದರು. ಅಕ್ಕ ಅವರಿಗೆ ಅಲ್ಲಿಯೇ ಚಹಾ ತಂದುಕೊಟ್ಟರು.